ಸದ್ದು ಮಾಡಿದವರೇ ಮೊಸಳೆ

ಮಹಡಿಯ ಮೆಟ್ಟಿಲು ಹತ್ತಿದ ಮಕ್ಕಳಿಬ್ಬರೂ ಕಮ್ಮಾರನ ಹಳೇ ತಿದಿಯ ಹಾಗೆ ಏದುಸಿರು ಬಿಟ್ಟದ್ದೇ ತಪ್ಪಾಯಿತು. ನರ್ಸ್ ಕೆಲಸಕ್ಕೆ ಹೊರಟಿದ್ದ ಅವರಮ್ಮ ಬಾಗಿಲಲ್ಲೇ ಗಂಡನಿಗೆ ತೀರ್ಪು ಕೊಟ್ಟಳು.

"ಇವತ್ತಿಂದ ಮೊಬೈಲ್ ಮುಟ್ಟಿಸ್ಬೇಡಿ. ಮೈ ಬೆವರೋ ಹಾಗೆ ಆಡಿಸಿ. ನಾನು ಬರೋ ಹೊತ್ತಿಗೆ ಇಬ್ಬರ ಕೆನ್ನೆನೂ ಕೆಂಪಾಗಿರ್ಬೇಕು!"

ಟೈಲರ್ ಅಪ್ಪ ಹೊಲಿಗೆ ಮಿಷನ್ ಬಿಟ್ಟೆದ್ದ. ಮಗಳು, ಮಗ, ಅವನು, ಮೂವರೂ ಸೇರಿ ಕುಣಿದದ್ದೇ ಕುಣಿದದ್ದು. ಅಷ್ಟರಲ್ಲಿ ಕೆಳಗಿನ ಮನೆಯಲ್ಲಿದ್ದ ಮಾಲೀಕರು ಕಾದ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತ ಮೇಲೆ ಬಂದರು.

"ಏನ್ರೀ ಟೈಲರೇ, ನನ್ನ ತಲೆ ಮೇಲೆ ಮೆಣಸಿನಕಾಯಿ ಕುಟ್ತಿದ್ದೀರಾ?"

"ಮಕ್ಕಳ ಆರೋಗ್ಯಕ್ಕೆ ಸಾರ್..."

"ಇನ್ನೊಂದು ಸಲ ದಡ್ ಅಂದ್ರೆ ಮನೆ ಖಾಲಿ ಮಾಡ್ಬೇಕು, ಅಷ್ಟೇ!"

ಈ ಮನೆಗಾಗಿ ಟೈಲರ್ ಅಲೆಯದ ಬೀದಿಯಿಲ್ಲ, ತಟ್ಟದ ಬಾಗಿಲಿಲ್ಲ. ಹೆಂಡತಿಯ ಮಾತು ಮೀರುವಂತಿಲ್ಲ, ಮಾಲೀಕರ ಮಾತು ದಾಟುವಂತಿಲ್ಲ. ಕೊರಳಲ್ಲಿದ್ದ ಟೇಪನ್ನು ಜಗ್ಗುತ್ತ ಯೋಚಿಸಿದವನು ಥಟ್ಟನೆ ಮಿಷನ್ನಿನ ಮುಂದೆ ಕೂತ. ಚೂರುಬಟ್ಟೆಗೆ ಹತ್ತಿ ತುಂಬಿ ಎಲ್ಲರ ಪಾದಕ್ಕೂ ದಪ್ಪ ದಪ್ಪ ಚೀಲ ಹೊಲಿದ. ಮನೆಯ ದಿಂಬು, ಹಾಸಿಗೆಗಳನ್ನೆಲ್ಲ ನೆಲದ ಮೇಲೆ ಅಲ್ಲಲ್ಲಿ ಹರಡಿದ.

"ನೆಲವೆಲ್ಲ ನದಿ, ದಿಂಬೆಲ್ಲ ಬಂಡೆ. ಒಂದರಿಂದ ಒಂದಕ್ಕೆ ನೆಗೀಬೇಕು. ಸದ್ದು ಮಾಡಿದವರೇ ಮೊಸಳೆ!"

ಆಹಾ, ಆಟಕ್ಕೇನು ಕಳೆ ಬಂತು! ಮಗಳು ಅಳಿಲಿನಂತೆ ಹಾರಿದಳು. ಮಗ ಮಂಚದಡಿ ತೆವಳಿ, ಕುರ್ಚಿಯಡಿ ನುಸುಳಿ ಮೇಲೆದ್ದ. ನಗು ಉಕ್ಕಿದರೆ ಬಾಯಿಗೆ ಕೈ. ಇಬ್ಬರ ಕೆನ್ನೆಗಳೂ ಟೊಮೆಟೊ ಆಗಿದ್ದವು. ಸೂಜಿ ಬಿದ್ದಷ್ಟೂ ಸದ್ದಿಲ್ಲ.

ಬಾಗಿಲು ತಳ್ಳಿಕೊಂಡು ಮತ್ತೆ ಮಾಲೀಕರು!

"ಏನ್ರೀ ಇದು, ಸದ್ದೇ ಇಲ್ಲ? ಏನಾಯ್ತೋ ಅಂತ ನನ್ನ ಜೀವ ಹಾರಿಹೋಯ್ತು!"

"ಶ್! ತಾತಾ, ನೀವು ನೀರಲ್ಲಿ ನಿಂತಿದ್ದೀರಾ!" ಎಂದಳು ಮಗಳು.

ಮಾಲೀಕರು ಗಾಬರಿಯಿಂದ ಒಂದು ಕಾಲೆತ್ತಿದರು. ಹತ್ತಿರದ ದಿಂಬಿನ ಮೇಲಿಟ್ಟರು. ಅದು ಮೆತ್ತಗಿತ್ತು. ಇನ್ನೊಂದಕ್ಕೆ ನೆಗೆದರು. ಮುಖದ ಸಿಡುಕೆಲ್ಲ ಕರಗಿ, ಕಣ್ಣು ಮಿಂಚತೊಡಗಿತು.

"ಸ್ಕೂಲಲ್ಲಿ ಲಾಂಗ್ ಜಂಪ್ ಅಂದ್ರೆ ನಾನೇ ಕಣ್ರೀ! ಆ ಕೊನೇ ಬಂಡೆ ಇದ್ಯಲ್ಲ..."

"ಬೇಡಿ ಸಾರ್!" ಟೈಲರ್ ಕೈಮುಗಿದ.

ಕೇಳುವವರಾರು? ಮಾಲೀಕರು ಪ್ಯಾಂಟಿನ ಕಾಲು ಮಡಚಿದರು, ಉಸಿರು ಬಿಗಿಹಿಡಿದರು, ಹಾರಿದರು. ಬಂಡೆಯನ್ನೂ ದಾಟಿ ಬರೀ ನೆಲಕ್ಕೆ ಬಿದ್ದರು.

ದಡ್!

ಅಡುಗೆಮನೆಯ ಪಾತ್ರೆಗಳೆಲ್ಲ ಝಣಝಣ ಎಂದವು. "ತಾತ ಮೊಸಳೆ! ತಾತ ಮೊಸಳೆ!" ಎಂದು ಮಕ್ಕಳು ಕೇಕೆ ಹಾಕಿದರು.

ಕೆಳಗಿನಿಂದ ಮಾಲೀಕರ ಹೆಂಡತಿಯ ದನಿ ಗುಡುಗಿತು. "ರೀ! ಯಾರ್ರೀ ಅದು ಬಿದ್ದದ್ದು? ಇನ್ನೊಂದು ಸಲ ಸದ್ದಾದ್ರೆ ಖಾಲಿ ಮಾಡ್ಸಿ ಅಂತ ಬೆಳಿಗ್ಗೆನೇ ಹೇಳಿ ಕಳಿಸಿರ್ಲಿಲ್ವಾ?"

ಮಾಲೀಕರ ಮುಖ ಒಗೆದ ಬಟ್ಟೆಯಂತೆ ಬೆಳ್ಳಗಾಯಿತು. "ಮನೆ ಅವಳದ್ದು ಕಣ್ರೀ" ಎಂದು ಪಿಸುಗುಟ್ಟಿ, ಕುಂಟುತ್ತ ಕಿಟಕಿಗೆ ಹೋಗಿ ಕೂಗಿದರು. "ಟೈಲರ್ ಕಣೇ! ಖಾಲಿ ಮಾಡಿ ಅಂತ ಈಗ್ತಾನೇ ಹೇಳ್ದೆ!"

ಮಾಲೀಕರು ಹತ್ತಿರ ಬಂದು ಪ್ರೀತಿಯಿಂದ ಟೈಲರನ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ಆದ್ರೆ ಹೊಸ ಮನೆ ಇಲ್ಲೇ ಹತ್ತಿರದಲ್ಲೇ ನೋಡಿ ಆಯ್ತಾ? ದಿನಾ ಆಡೋಕೆ ಬರ್ಬೇಕಲ್ಲ ನಾನು!"