ಹೇಳಿದಷ್ಟಿಲ್ಲ ಬಿಡು!

ನಮ್ಮ ಸೋದರಮಾವನನ್ನು ನಾಳೆ ಯಾರಾದರೂ ಸ್ವರ್ಗಕ್ಕೇ ಕರೆದುಕೊಂಡು ಹೋದರು ಅನ್ನಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಒಂದು ಸುತ್ತು ಹಾಕಿ, ಅಪ್ಸರೆಯರ ಕುಣಿತ ಅರ್ಧಮರ್ಧ ನೋಡಿ ಹೊರಬಂದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವರು ಹೇಳುವುದು ಒಂದೇ ಮಾತು: “ಚಲೋ ಅದ. ಹೇಳಿದಷ್ಟಿಲ್ಲ ಬಿಡು!”

ಇದರಲ್ಲಿ ಅವರ ತಪ್ಪೇನೂ ಇಲ್ಲ. ಮಾವ ತೂಕ-ಅಳತೆ ಇಲಾಖೆಯಲ್ಲಿ ಇದ್ದವರು. ರಾಯಚೂರು, ಮಾನ್ವಿ, ದೇವದುರ್ಗದ ಅಂಗಡಿ ಅಂಗಡಿ ತಿರುಗಿ, ಕಿಲೋ ಅಂದದ್ದು ನಿಜಕ್ಕೂ ಕಿಲೋ ಇದೆಯೋ ಇಲ್ಲವೋ ನೋಡುವುದರಲ್ಲೇ ಸರ್ವಿಸ್ ಮುಗಿಸಿದರು. ನಿವೃತ್ತರಾದ ದಿನ ಇಲಾಖೆ ತನ್ನ ತೂಕದ ಕಲ್ಲುಗಳನ್ನು ಮಾತ್ರ ವಾಪಸ್ ತೆಗೆದುಕೊಂಡಿತು, ಅನುಮಾನವನ್ನು ಇವರ ಹತ್ತಿರವೇ ಬಿಟ್ಟಿತು! ಅಂದಿನಿಂದ ಯಾರು ಏನನ್ನು ಹೊಗಳಿದರೂ ಮಾವ ಸ್ವಂತ ಖರ್ಚಿನಲ್ಲಿ ಹೋಗಿ ತಪಾಸಣೆ ಮಾಡಿ ಬರುತ್ತಾರೆ.

ನಮ್ಮ ಓಣಿಯ ಟೇಲರ್ ಒಮ್ಮೆ ಬಾಯಿ ತಪ್ಪಿ, “ದೇವದುರ್ಗ ಬಸ್ ಸ್ಟ್ಯಾಂಡ್ ಬಾಜೂಕ ಒಂದು ಮಿರ್ಚಿ ಬಂಡಿ ಅದ್ರೀ, ಅಲ್ಲಿ ತಿಂದವ ಅಳದ ಬಂದಿಲ್ಲ” ಎಂದುಬಿಟ್ಟ. ಮರುದಿನವೇ ಮಾವ ಬಸ್ಸು ಹತ್ತಿದರು. ಕರೆಯದಿದ್ದರೂ ಹೋಗುವ ಚಟದವನಾದ ನಾನೂ ಜೊತೆಗಿದ್ದೆ. ಮೊದಲನೇ ಮಿರ್ಚಿಗೆ ಮಾವನ ಕಿವಿ ಕೆಂಪಾಯಿತು. ಎರಡನೆಯದಕ್ಕೆ ಮೂಗು ಸೋರತೊಡಗಿತು. ಆಮೇಲಾಮೇಲೆ ಕಣ್ಣೀರು ಮೀಸೆ ದಾಟಿ ಗದ್ದಕ್ಕಿಳಿಯಿತು. ಆದರೂ ತೀರ್ಪು ಮಾತ್ರ ಅದೇ: “ಖಾರ ಅದ. ಹೇಳಿದಷ್ಟಿಲ್ಲ.”

ಬಂಡಿಯವನಿಗೆ ಅಭಿಮಾನಭಂಗ. “ಯಜಮಾನ್ರ, ಅಳಾಕತ್ತೀರಲ್ರೀ!”

“ಇದು ಧೂಳಿ” ಎಂದರು ಮಾವ. ರಾಯಚೂರು ಮುಟ್ಟುವವರೆಗೂ ಆ ಧೂಳು ಅವರ ಕಣ್ಣು ಬಿಡಲಿಲ್ಲ. ಕಂಡಕ್ಟರ್ ಪಾಪ, ಏನೋ ಸಾವಿನ ಮನೆಗೆ ಹೊರಟವರೆಂದು ತಿಳಿದು ಮುಂದಿನ ಸೀಟು ಖಾಲಿ ಮಾಡಿಸಿಕೊಟ್ಟ.

ಈ ತಪಾಸಣೆಯಿಂದ ಪಾರಾದದ್ದು ಒಂದೇ: ರಾಯಚೂರಿನ ಬಿಸಿಲು. ಅದರ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿಲ್ಲ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ಸಾಹೇಬರೊಬ್ಬರು ಮಾವನ ಪಕ್ಕದ ಮನೆಗೆ ಬಾಡಿಗೆಗೆ ಬಂದರು. ಶಿವರಾತ್ರಿ ಹೊತ್ತಿಗೆ ಗೇಟಿನಲ್ಲಿ ನಿಂತು, “ಎಲ್ಲರೂ ಹೆದರಿಸಿದ್ರು ಸಾರ್. ಹೇಳಿದಷ್ಟೇನೂ ಇಲ್ಲ ನಿಮ್ಮ ಬಿಸಿಲು” ಎಂದರು. ಮಾವನ ಮುಖ ನೋಡಬೇಕಿತ್ತು! ತನ್ನ ಮಾತನ್ನು ತನ್ನ ಮೇಲೇ ತಿರುಗಿಸಿದ್ದಾನಲ್ಲ ಈ ಪುಣ್ಯಾತ್ಮ!

“ತಡೀರಿ ಸಾಹೇಬ್ರ. ಇದಿನ್ನೂ ಜಾಹೀರಾತು. ಪಿಕ್ಚರ್ ಮೇ ತಿಂಗಳದಾಗ” ಎಂದು ಒಳಗೆ ಹೋದರು.

ಮೇ ತಿಂಗಳು ಬಂತು. ಒಂದು ಮಧ್ಯಾಹ್ನ ಮಾವ ಕೊಡೆ ಹಿಡಿದು ಪಕ್ಕದ ಮನೆಗೆ ಹೋದರು. ಸಾಹೇಬರು ಹಸಿ ಟವೆಲ್ ಹೊದ್ದು, ಕೂಲರಿನೊಳಗೆ ಅರ್ಧ ತಲೆ ತೂರಿಸಿ ಕುಳಿತಿದ್ದರು. “ಹೆಂಗದರೀ?” ಎಂದು ಮಾವ ಕೇಳಿದರೆ ಮಾತಾಡಲೂ ತ್ರಾಣವಿಲ್ಲದೆ ಎರಡೂ ಕೈ ಮುಗಿದರಂತೆ. ಮಗ ಪರೀಕ್ಷೆ ಪಾಸಾದ ತಂದೆಯ ಹಾಗೆ ಮಾವ ಬೀಗುತ್ತ ಮನೆಗೆ ಬಂದರು. ಪೇಡೆ ಹಂಚುವುದೊಂದು ಬಾಕಿ!

ಇಂಥವರನ್ನು ನನಗೆ ಹೆಣ್ಣು ನೋಡಲು ಮಾನ್ವಿಗೆ ಕರೆದುಕೊಂಡು ಹೋದದ್ದು ನಮ್ಮವ್ವನ ಧೈರ್ಯ. ಹುಡುಗಿಯ ಅಪ್ಪ ಅಕ್ಕಿ ವ್ಯಾಪಾರಿ. ಮಧ್ಯಸ್ಥಗಾರ ಆ ಹುಡುಗಿಯ ರೂಪ, ಗುಣ, ಅಡುಗೆ ಎಲ್ಲವನ್ನೂ ಆಕಾಶಕ್ಕೇರಿಸಿದ್ದ. ಮಾವ ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿ ಒಳಗೆ ಹೋದ ಮೇಲೆ ಗಂಟಲು ಸರಿಮಾಡಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ.

“ಹುಡುಗಿ ಚಲೋ ಅದಾಳ್ರೀ. ಆದ್ರ ಇಂವ ಹೇಳಿದಷ್ಟಿಲ್ಲ.”

ಮಧ್ಯಸ್ಥಗಾರ ಜಂತಿ ಎಣಿಸತೊಡಗಿದ. ಆಗ ಅಡುಗೆಮನೆಯ ಪರದೆಯ ಹಿಂದಿನಿಂದ ಒಂದು ಧ್ವನಿ ಬಂತು: “ನಿಮ್ಮ ಹುಡುಗನೂ ಹೇಳಿದಷ್ಟಿಲ್ರೀ!”

ಮಾವ ಬಿದ್ದೂ ಬಿದ್ದೂ ನಕ್ಕು, ಅಲ್ಲೇ ಮಾತು ಪಕ್ಕಾ ಮಾಡಿದರು. ಆಕೆಯೇ ಈಗ ನನ್ನ ಹೆಂಡತಿ. ನನ್ನ ಬಗ್ಗೆ ಆಕೆಯ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಇಲ್ಲಿಯವರೆಗೆ ಎಲ್ಲ ನಗುವ ಮಾತೇ. ಕಷ್ಟ ಶುರುವಾದದ್ದು ಅತ್ತಿಯ ಮೊಣಕಾಲಿನಿಂದ.

ಅತ್ತಿ ಎಂದರೆ ಮಾವನ ಹೆಂಡತಿ. ಅವರ ಎರಡೂ ಮೊಣಕಾಲು ಸವೆದಿದ್ದವು. ಸಂಡಿಗೆ ಒಣಗಿಸಲು ಮಾಳಿಗೆ ಹತ್ತುವುದು ಮೊದಲು ನಿಂತಿತು, ಆಮೇಲೆ ಸಂತೆ ನಿಂತಿತು. ಕಲ್ಮಲದಲ್ಲಿ ತಂಗಿಯ ಹೊಸ ಮನೆಯ ಪ್ರವೇಶಕ್ಕೆಂದು ಹೊಸ ಸೀರೆ ಉಟ್ಟು ಹೊರಟವರು ಬಸ್ಸಿನ ಮೊದಲ ಮೆಟ್ಟಿಲು ಏರಲಾಗದೆ ಹೊಳ್ಳಿ ಮನೆಗೆ ಬಂದರು. ಡಾಕ್ಟರು ಆಪರೇಷನ್ ಮಾಡಿ ಕೀಲು ಬದಲಿಸೋಣ ಎಂದರು. ಮಾಡಿಸಿಕೊಂಡವರೆಲ್ಲ, ಹರೆಯದವರ ಹಾಗೆ ನಡೆಯುತ್ತೀರಿ ಎಂದು ಹೊಗಳಿದರು.

ಹೊಗಳಿದರಲ್ಲ, ಮುಗಿಯಿತು! ಮಾವ ತಪಾಸಣೆಗೆ ಹೊರಟರು. ಮಾನ್ವಿಯಲ್ಲಿ ಕೀಲು ಬದಲಿಸಿಕೊಂಡ ಒಬ್ಬ ಟೀಚರಮ್ಮನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದರು. ಕಲ್ಮಲದ ಗೌಡರೊಬ್ಬರು ಇವರ ಪ್ರಶ್ನೆಗಳಿಗೆ ಬೇಸತ್ತು, “ಓಡಿ ತೋರಿಸ್ಲೇನ್ರೀ?” ಎಂದು ಧೋತರ ಎತ್ತಿ ಕಟ್ಟಿ ಓಡಿಯೇಬಿಟ್ಟರು. ಎಲ್ಲ ನೋಡಿ ಬಂದು ಮಾವ ಹೇಳಿದ್ದು ಮತ್ತೆ ಅದನ್ನೇ.

ಅತ್ತಿ ಗೋಡೆ ಹಿಡಿದು ಅಡುಗೆಮನೆಗೆ ಹೋದರು. ಹೀಗೇ ಎರಡು ಬೇಸಿಗೆ ಕಳೆದವು. ಕೊನೆಗೊಂದು ದಿನ ನನಗೆ ಫೋನ್ ಮಾಡಿ, “ಯಪ್ಪಾ, ನನ್ನ ದವಾಖಾನಿಗಿ ಕರಕೊಂಡು ನಡಿ. ನಿಮ್ಮ ಮಾವನ ತಪಾಸಣಿ ಮುಗಿಯೂದ್ರಾಗ ನನ್ನ ಕಾಲೇ ಮುಗೀತಾವ” ಎಂದರು. ಗಂಡನ ಮುಂದೆ ಚೀಲ ತುಂಬಿಕೊಂಡು, “ನೀವು ಬರ್ರಿ, ಬಿಡ್ರಿ. ನಾ ಹೊಂಟೀನಿ” ಎಂದರಂತೆ. ಮಾವ ಬಂದರು. ಮುಖ ಊದಿಸಿಕೊಂಡು ಆಟೋದಲ್ಲಿ ಡ್ರೈವರನ ಪಕ್ಕ ಕುಳಿತು ಬಂದರು.

ಅತ್ತಿಯನ್ನು ಆಪರೇಷನ್ ಕೋಣೆಗೆ ಒಯ್ದ ಮೇಲೆ ನಾವಿಬ್ಬರೇ ಹೊರಗಿನ ಬೆಂಚಿನಲ್ಲಿ ಉಳಿದೆವು. ಕ್ಯಾಂಟೀನಿನಿಂದ ಚಹಾ ತಂದುಕೊಟ್ಟೆ. ಆ ಚಹಾ ಬಿಸಿನೀರಿಗಿಂತ ಸ್ವಲ್ಪ ಕೆಂಪಗಿತ್ತು, ಅಷ್ಟೇ. ಮಾವ ಒಂದು ಮಾತೂ ಆಡದೆ ಅದನ್ನು ಕುಡಿದಾಗ ನನಗೆ ಗಾಬರಿಯಾಯಿತು.

ಖಾಲಿ ಕಪ್ಪು ನೋಡುತ್ತಾ, “ಆ ಟೀಚರಮ್ಮ ಭಾಳ ಚಂದ ನಡೀತಾಳೋ” ಎಂದರು. “ಗೌಡ್ರನ್ನ ಹಿಡಿಲಿಕ್ಕ ನನಗ ಆಗಲಿಲ್ಲ.”

“ಮತ್ತ ಎರಡು ವರ್ಷ ಯಾಕ ಹಂಗಂದ್ರಿ ಮಾವ?”

ಅವರು ಕಪ್ಪನ್ನು ಬೆಂಚಿನ ಕೆಳಗಿಟ್ಟರು. “ಸೂಜಿ ಕೊಟ್ಟು ಮಲಗಿಸ್ತಾರಂತ ಡಾಕ್ಟರ್ ಹೇಳಿದ. ಮಲಗಿದಾಕಿ ಏಳಲಿಲ್ಲಂದ್ರ? ಕುಂಟಿದ್ರ ಕುಂಟಲಿ, ಮನ್ಯಾಗ ಇರ್ಲಿ ಅಂದ್ಕೊಂಡೆ.”

ನಾನು ಕ್ಯಾಂಟೀನಿಗೆ ಹೋಗಿ ಇನ್ನೊಂದು ಚಹಾ ತಂದೆ.

ಅತ್ತಿ ಎದ್ದರು. ಮರುದಿನ ನರ್ಸಮ್ಮ ಅವರಿಗೆ ವಾಕರ್ ಹಿಡಿಸಿ ಉದ್ದನೆಯ ಪಡಸಾಲೆಯಲ್ಲಿ ನಿಲ್ಲಿಸಿದರು. ಅತ್ತಿಯ ಕಾಲು ನಡುಗುತ್ತಿತ್ತು. ಹೆಜ್ಜೆ ಮುಂದೆ ಬರಲೊಲ್ಲದು. ಮಾವ ನಮ್ಮನ್ನೆಲ್ಲ ಸರಿಸಿ ಅವರ ಎದುರಿಗೆ ಹೋಗಿ, ಅಂಬೆಗಾಲು ಬಿಟ್ಟು ಆಗತಾನೆ ನಿಂತ ಕೂಸಿಗೆ ಚಾಚುವಂತೆ ಎರಡೂ ಕೈ ಚಾಚಿದರು. “ಬಾ. ಏನೂ ಆಗಂಗಿಲ್ಲ, ಬಾ. ಇನ್ನೊಂದು ಹೆಜ್ಜಿ.” ಅತ್ತಿ ಒಂದು ಹೆಜ್ಜೆ ಮುಂದಿಟ್ಟರೆ ಮಾವ ಒಂದು ಹೆಜ್ಜೆ ಹಿಂದೆ. ಅತ್ತಿಯ ಮುಖದಲ್ಲಿ ಅಳುವೋ ನಗುವೋ, ಎರಡೂ ಇದ್ದವು.

“ಅಜ್ಜಾರ, ಹಿಂದ ನೋಡ್ರಿ, ಗ್ವಾಡಿ ಅದ!” ಎಂದು ನರ್ಸಮ್ಮ ಕೂಗಿದರು.

ಮಾವ ಹಿಂದೆ ನೋಡಲಿಲ್ಲ. ಬೆನ್ನು ಗೋಡೆಗೆ ತಾಗುವವರೆಗೂ ಹಾಗೇ ಹೋದರು. ಅಲ್ಲಿ ಅತ್ತಿಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು.