ಸಮುದ್ರಕ್ಕೆ ಉಪ್ಪು ಹಾಕಿದ್ದು

ಗಾಜಿನ ತೊಟ್ಟಿಯಲ್ಲಿ ಸಾಕಿದ ಹವಳ ಮುದುಡಿಕೊಂಡರೆ ತಪ್ಪು ಉಪ್ಪಿನದು. ವಿನೋಬನಗರದ ನಮ್ಮ ಬೀದಿಯಲ್ಲಿ ಇದನ್ನು ನಂಬದವರಿರಲಿಲ್ಲ. ನಾನೂ ನಂಬಿದ್ದೆ. ಹರಿಹರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನಾದ್ದರಿಂದ ನನ್ನ ನಂಬಿಕೆಗೆ ಉಳಿದವರ ನಂಬಿಕೆಗಿಂತ ತೂಕ ಹೆಚ್ಚಿತ್ತು. ಸಮುದ್ರವಿಲ್ಲದ ಊರಿನಲ್ಲಿ ಹಾಲ್‌ನೊಳಗೆ ಸಮುದ್ರ ಮಾಡಹೊರಟರೆ ಇಂಥವು ಒಂದಾದ ಮೇಲೊಂದು ನಡೆಯುತ್ತಲೇ ಇರುತ್ತವೆ.

ಸಮುದ್ರ ಮಾಡಹೊರಟವರು ನನ್ನ ಎದುರು ಮನೆಯವರು, ಮಂಡಕ್ಕಿ ಭಟ್ಟಿಯ ಮಾಲೀಕರು. ಅವರ ಅಜ್ಜನ ಕಾಲದಿಂದಲೂ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದು ಊರಿಗೆಲ್ಲ ಮಂಡಕ್ಕಿ ತಿನ್ನಿಸಿದ ಮನೆ. ಮಂಗಳೂರಿಗೆ ಒಂದು ಮದುವೆಗೆ ಹೋದಾಗ ಹೋಟೆಲಿನಲ್ಲಿ ಹವಳದ ತೊಟ್ಟಿ ನೋಡಿದ್ದರು. ತಿಂಗಳೊಳಗೆ ಅಂಥದೇ ಒಂದು ಇವರ ಹಾಲ್‌ನಲ್ಲಿ ನಿಂತಿತು. ಒಳಗೆ ಬಿಳಿ ಪಟ್ಟೆಯ ಎರಡು ಕೇಸರಿ ಮೀನು, ಅಣಬೆಯ ಆಕಾರದ ಒಂದು ಹವಳ. ಖುಷಿಯಾಗಿದ್ದಾಗ ಹವಳ ತಲೆಯ ಮೇಲೆಲ್ಲ ನೂರಾರು ಪುಟ್ಟ ಬೆರಳು ಚಾಚಿ ಓಲಾಡುತ್ತಿತ್ತು. ಮುನಿದರೆ ಎಲ್ಲವನ್ನೂ ಒಳಗೆಳೆದುಕೊಂಡು ಬೋಳಾಗುತ್ತಿತ್ತು.

ಎರಡನೇ ತಿಂಗಳಲ್ಲಿ ಬೋಳಾದದ್ದು ಬೋಳಾಗಿಯೇ ಉಳಿಯಿತು.

ಭಟ್ಟಿಯವರ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಗಡುವು ಕೊಟ್ಟರು. "ರಂಜಾನ್ ಶುರುವಾಗೋದ್ರೊಳಗೆ ಇದು ಬೆರಳು ಬಿಡ್ಬೇಕು. ಇಲ್ಲಾಂದ್ರೆ ನೀರು ಚೆಲ್ಲಿ ಈ ಗಾಜಿನ ಡಬ್ಬಿಗೆ ಮಂಡಕ್ಕಿ ತುಂಬಿ ಅಂಗಡಿಗೆ ಕಳಿಸ್ತೀನಿ. ಖಾರ ಮಂಡಕ್ಕಿಗೆ ಚಲೋ ಕಾಣ್ತೈತೆ."

ಅವರು ತಮಾಷೆ ಮಾಡುವ ಪೈಕಿಯಲ್ಲ. ಭಟ್ಟಿಯವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸ್ಟಾಕ್ ಇದ್ದ ಉಪ್ಪು

ಹವಳ ಮುನಿಯುವುದಕ್ಕೂ ಮೊದಲು, ತೊಟ್ಟಿ ಬಂದ ಹೊಸದರಲ್ಲೇ, ಭಟ್ಟಿಯವರು ಮೀನಿನ ಅಂಗಡಿಗೆ ನನ್ನನ್ನು ಜೊತೆಗೆ ಕರೆದೊಯ್ದಿದ್ದರು. ಓದಿದವರು ಪಕ್ಕದಲ್ಲಿದ್ದರೆ ಅಂಗಡಿಯವರು ಮೋಸ ಮಾಡುವುದಿಲ್ಲ ಎಂಬ ಇನ್ನೊಂದು ನಂಬಿಕೆಯೂ ನಮ್ಮ ಬೀದಿಯಲ್ಲಿದೆ.

"ಹವಳಕ್ಕೆ ಯಾವ ಉಪ್ಪು ಒಳ್ಳೇದು?" ಎಂದು ಕೇಳಿದೆ.

"ಸ್ಟಾಕ್ ಇರೋದು ಸಾರ್" ಎಂದ ಅಂಗಡಿಯವನು.

ಸ್ಟಾಕ್ ಇದ್ದದ್ದು ಎರಡು ಪ್ಯಾಕೆಟ್. ಒಂದು ಸಮುದ್ರ ಮೀನಿನ ಉಪ್ಪು, ಇನ್ನೊಂದು ಹವಳದ ಉಪ್ಪು. ವ್ಯತ್ಯಾಸ ಏನು ಎಂದರೆ, "ಇದರ ಮ್ಯಾಲೆ ಹವಳದ ಚಿತ್ರ ಐತೆ ನೋಡ್ರಿ" ಎಂದು ತೋರಿಸಿದ.

ನಾನು ಬಿಡಲಿಲ್ಲ. ಹವಳಕ್ಕೆ ಅಡುಗೆ ಉಪ್ಪೊಂದೇ ಸಾಲದು, ಕ್ಯಾಲ್ಸಿಯಂ ಬೇಕು, ಮೆಗ್ನೀಷಿಯಂ ಬೇಕು, ಕ್ಷಾರ ಇಷ್ಟಿರಬೇಕು ಎಂದು ಅಲ್ಲೇ ನಿಂತು ತರಗತಿ ತೆಗೆದುಕೊಂಡೆ. ಅವನು ಬಾಯಿ ತೆರೆದು ಕೇಳಿದ. ಪಾಠವನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರನ್ನು ನಾನು ಕಾಲೇಜಿನಲ್ಲಿ ಕಂಡಿಲ್ಲ.

"ಇಷ್ಟೆಲ್ಲ ಐತಾ ಇದ್ರಾಗೆ?" ಎಂದ ಕೊನೆಗೆ.

"ಇದೆಯೋ ಇಲ್ಲವೋ ನೀನು ಹೇಳಬೇಕಪ್ಪ."

"ಐತೆ ಬಿಡ್ರಿ ಸಾರ್, ನೀವೇ ಹೇಳಿದ್ರಲ್ಲ."

ಮುಂದಿನ ವಾರ ಆ ಪ್ಯಾಕೆಟ್ಟುಗಳ ಮೇಲೆ ಒಂದು ರಟ್ಟು ತೂಗುತ್ತಿತ್ತು: 'ಕೆಮಿಸ್ಟ್ರಿ ಪ್ರೊಫೆಸರ್ ಒಪ್ಪಿದ ಉಪ್ಪು.'

ನಾಲಿಗೆ ಮತ್ತು ಯಂತ್ರ

ಉಪ್ಪು ಆರಿಸುವುದು ಅರ್ಧ ಕೆಲಸ. ನೀರಿಗೆ ಎಷ್ಟು ಹಾಕಬೇಕು ಎನ್ನುವುದು ಉಳಿದರ್ಧ. ಮೊದಲ ತಿಂಗಳು ಭಟ್ಟಿಯವರು ಇದನ್ನು ನಾಲಿಗೆಯಿಂದಲೇ ಮಾಡಿದ್ದರು. ಮಂಗಳೂರಿನಲ್ಲಿ ಸಮುದ್ರದ ನೀರು ಒಂದು ಗುಟುಕು ಬಾಯಿಗೆ ಹಾಕಿ ನೋಡಿದ್ದರಂತೆ. ಭಟ್ಟಿಯಲ್ಲಿ ದಿನವೂ ಅಕ್ಕಿಯ ಉಪ್ಪುನೀರನ್ನು ರುಚಿ ನೋಡಿಯೇ ಹದ ಮಾಡುವವರು. ಅದೇ ಲೆಕ್ಕದಲ್ಲಿ ಚಮಚ ಅದ್ದಿ, ಚಪ್ಪರಿಸಿ, "ಇಷ್ಟೇ ಇತ್ತು" ಎಂದು ಉಪ್ಪು ನಿಲ್ಲಿಸಿದ್ದರು.

ಇಂಥ ಅನಾಗರಿಕತೆಯನ್ನು ಎದುರು ಮನೆಯಲ್ಲಿದ್ದುಕೊಂಡು ನೋಡುವುದು ನನ್ನಿಂದಾಗಲಿಲ್ಲ. ಎರಡನೇ ತಿಂಗಳ ಆರಂಭದಲ್ಲಿ ಕಾಲೇಜಿನಿಂದ ರಿಫ್ರ್ಯಾಕ್ಟೋಮೀಟರ್ ತಂದೆ. ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಉಪ್ಪಿನ ಅಂಶ ಸಾವಿರಕ್ಕೆ ಎಷ್ಟೆಂದು ಗೆರೆ ತೋರಿಸುತ್ತದೆ. ಬಳಸುವ ಮೊದಲು ಉಪ್ಪೇ ಇಲ್ಲದ ಬಟ್ಟಿ ಇಳಿಸಿದ ನೀರಿನ ಹನಿ ಹಾಕಿ, ತಿರುಪು ತಿರುಗಿಸಿ, 'ಇದು ಸೊನ್ನೆ' ಎಂದು ಅದಕ್ಕೆ ಕಲಿಸಬೇಕು. ಆ ನೀರನ್ನೂ ನಮ್ಮ ಲ್ಯಾಬಿನ ಬಾಟಲಿಯಿಂದ ಸಣ್ಣ ಶೀಷೆಯಲ್ಲಿ ತುಂಬಿ ತಂದಿದ್ದೆ. ನಾನು ಕ್ರಮ ತಪ್ಪಿಸುವವನಲ್ಲ.

ಯಂತ್ರ ಇಪ್ಪತ್ತೈದು ಎಂದಿತು. ಸಮುದ್ರದ ನೀರಿನಲ್ಲಿ ಇರಬೇಕಾದದ್ದು ಮೂವತ್ತೈದು.

"ನಿಮ್ಮ ನಾಲಿಗೆ ಹತ್ತು ಅಂಶ ತಪ್ಪಿದೆ" ಎಂದೆ. ಮೂವತ್ತೈದು ಬರುವವರೆಗೆ ಉಪ್ಪು ಹಾಕಿಸಿದೆ. ಭಟ್ಟಿಯವರು ಚಮಚ ಅದ್ದಿ ಬಾಯಿಗಿಟ್ಟು ಮುಖ ಹಿಂಡಿದರು.

"ಜಾಸ್ತಿ ಆತು ಸಾರ್."

"ಯಂತ್ರಕ್ಕೆ ಬಿಪಿ ಇಲ್ಲ, ಹಸಿವಿಲ್ಲ, ಬೆಳಗ್ಗೆ ಮಿರ್ಚಿ ತಿಂದಿಲ್ಲ. ಅದು ಹೇಳಿದ್ದೇ ಸರಿ."

"ಹಂಗಂದ್ರೆ ಹಂಗೇ ಬಿಡ್ರಿ. ಓದಿದೋರು."

ಹವಳ ಬೋಳಾದದ್ದು ಅದೇ ವಾರ. ಪ್ಯಾಕೆಟ್ಟಿನ ಉಪ್ಪು ಕಳಪೆ ಎಂದು ನಾವಿಬ್ಬರೂ ತಕ್ಷಣ ಒಪ್ಪಿಕೊಂಡೆವು.

ನೀಲಿ ಬಕೆಟ್ಟು

ಮುಂದೆ ಬಂದದ್ದು ವಿದೇಶಿ ಉಪ್ಪು. ನೀಲಿ ಬಕೆಟ್ಟು, ಮೇಲೆ ಹೊಳೆಯುವ ಚೀಟಿ. ಬೀದಿಯವರೆಲ್ಲ ಬಂದು ನೋಡಿಹೋದರು. ಉಪ್ಪನ್ನು ನೋಡಲು ಜನ ಬಂದದ್ದು ನಮ್ಮ ಬೀದಿಯ ಇತಿಹಾಸದಲ್ಲಿ ಮೊದಲು.

ಭಟ್ಟಿಗೆ ಭತ್ತ ಕೊಡುವ ಮಲೆಬೆನ್ನೂರಿನ ರೈತರೊಬ್ಬರು ಆ ದಿನ ಬಂದಿದ್ದರು. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದರು. ಓದಿ ಹೇಳಿದೆ: ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷಿಯಂ, ಬೋರಾನ್.

"ಇದು ಗೊಬ್ಬರ ಅಲ್ಲೇನ್ರಿ?" ಎಂದರು.

"ಅಲ್ಲ, ಉಪ್ಪು."

"ನಮ್ ಗೊಬ್ಬರದ ಚೀಲದ ಮ್ಯಾಲೂ ಇದನ್ನೇ ಬರ್ದಿರ್ತಾರೆ. ಎಕರೆಗೆ ಎಷ್ಟು ಹಾಕ್ಬೇಕಂತೆ?"

ಇದು ಹವಳಕ್ಕೆ, ಹವಳ ಒಂದು ಜೀವಿ, ಗಿಡವಲ್ಲ, ಎಂದು ವಿವರಿಸಿದೆ. ಅವರು ತೊಟ್ಟಿಯ ಹತ್ತಿರ ಹೋಗಿ ಬೋಳು ಹವಳವನ್ನು ಬಗ್ಗಿ ಬಗ್ಗಿ ನೋಡಿದರು. ಗದ್ದೆಯಲ್ಲಿ ಸೊರಗಿದ ಪೈರು ನೋಡುವ ಅದೇ ನೋಟ.

"ಉಪ್ಪು ಹೆಚ್ಚಾಗೈತೆ ಇದಕ್ಕೆ" ಎಂದರು. "ಚೌಳು ಹತ್ತಿದ ಗದ್ದೆ ಹಿಂಗೇ ಆಗೋದು."

ಸಮುದ್ರದ ಜೀವಿಗೆ ಉಪ್ಪು ಹೆಚ್ಚಾಯಿತು ಎನ್ನುವ ಮನುಷ್ಯನಿಗೆ ಏನು ಹೇಳುವುದು? ಯಂತ್ರ ತೋರಿಸಿದೆ. ಕಣ್ಣಿಗಿಟ್ಟು ನೋಡಿ, "ಒಳಗೆ ಯಾರೂ ಇಲ್ವಲ್ಲ" ಎಂದು ವಾಪಸು ಕೊಟ್ಟರು.

ಕಾರವಾರದಿಂದ ಕ್ಯಾನು

ವಿದೇಶಿ ಉಪ್ಪಿಗೂ ಹವಳ ಜಗ್ಗಲಿಲ್ಲ. ಮಧ್ಯದಲ್ಲಿ ಮೂರನೆಯದೊಂದು ಬ್ರ್ಯಾಂಡೂ ಬಂದು ಹೋಯಿತು; ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಬಣ್ಣ ಬೆಳ್ಳಗಿತ್ತು. ರಂಜಾನ್‌ಗೆ ಎರಡು ವಾರ ಉಳಿದಿತ್ತು. ಭಾಬಿ ಆಗಲೇ ತೊಟ್ಟಿಯ ಉದ್ದಗಲವನ್ನು ಗೇಣಿನಲ್ಲಿ ಅಳೆದು, ಎಷ್ಟು ಸೇರು ಮಂಡಕ್ಕಿ ಹಿಡಿಯಬಹುದು ಎಂದು ಗಂಡನಿಗೆ ಕೇಳುವಂತೆ ಗಟ್ಟಿಯಾಗಿ ಯೋಚಿಸುತ್ತಿದ್ದರು. ಭಟ್ಟಿಯವರು ಊಟ ಬಿಟ್ಟು ತೊಟ್ಟಿಯ ಮುಂದೆ ಕೂರತೊಡಗಿದ್ದರು.

ಕೊನೆಗೆ, ಉಪ್ಪಿನ ರಗಳೆಯೇ ಬ್ಯಾಡ ಎಂದು, ಲಾರಿ ಓಡಿಸುವ ಬಾಮೈದನಿಂದ ಕಾರವಾರದ ಸಮುದ್ರದ ನೀರನ್ನೇ ತರಿಸಿದರು. ಹತ್ತು ಕ್ಯಾನು.

ಯಂತ್ರಕ್ಕೆ ಕ್ರಮವಾಗಿ ಸೊನ್ನೆ ಕಲಿಸಿ, ಸಮುದ್ರವನ್ನು ಅಳೆದೆ. ಇಪ್ಪತ್ತೈದು.

"ಉಪ್ಪು ಸಾಲದು" ಎಂದೆ.

ಬಾಮೈದನಿಗೆ ಕೋಪ ಬಂತು. "ಏನ್ ಸಾರ್, ಸಮುದ್ರದಾಗೆ ಉಪ್ಪು ಸಾಲದಾ? ನಾನೇನು ನೀರು ಬೆರೆಸಿ ತಂದೀನಾ? ಹಾಲಾ ಇದು?"

ಅಲ್ಲಿ ನದಿ ಸೇರುತ್ತದೆ, ದಡದ ಹತ್ತಿರ ಸಿಹಿನೀರು ಬೆರೆತಿರುತ್ತದೆ, ಇವನು ತುಂಬಿದ ಜಾಗ ಸರಿಯಿಲ್ಲ ಎಂದು ಶಾಂತವಾಗಿ ವಿವರಿಸಿದೆ. ವಿವರಣೆ ಎಷ್ಟು ಚೆನ್ನಾಗಿತ್ತೆಂದರೆ ಅವನೇ ತಲೆ ತಗ್ಗಿಸಿದ. ಒಂಬತ್ತು ಕ್ಯಾನಿಗೆ ನಾಲ್ಕನೇ ಬಗೆಯ ಉಪ್ಪು ಕಲಸಿ ಮೂವತ್ತೈದಕ್ಕೆ ತಂದು ತೊಟ್ಟಿ ತುಂಬಿಸಿದೆವು. ಹತ್ತನೆಯದಕ್ಕೆ ಜಾಗವಿಲ್ಲದೆ ಅದು ಹಾಗೇ ಉಳಿಯಿತು.

ಭಟ್ಟಿಯವರು ಉಪ್ಪಿನ ಚೀಲ ಮಡಚುತ್ತ ನನ್ನನ್ನು ಬಹಳ ಗೌರವದಿಂದ ನೋಡಿದರು.

"ಊರಾಗೆ ಎಲ್ರಿಗೂ ಉಪ್ಪು ಹಾಕಿದ್ದು ನಮ್ಮ ಮನೆ ಸಾರ್. ಸಮುದ್ರಕ್ಕೇ ಉಪ್ಪು ಹಾಕಿದ್ದು ನೀವೊಬ್ರೇ."

ಬೆರಳು ಬಿಟ್ಟ ದಿನ

ಹವಳ ಇನ್ನಷ್ಟು ಮುದುಡಿ, ವಾಲತೊಡಗಿತು. ಮೀನುಗಳು ಮೂಲೆ ಹಿಡಿದವು. ಇನ್ನು ನನ್ನಿಂದಾಗುವುದು ಏನೂ ಇಲ್ಲ, ಹವಳವೇ ಹುಟ್ಟುರೋಗಿ ಎಂದು ತೀರ್ಪು ಕೊಟ್ಟು ಪರೀಕ್ಷೆಯ ಪೇಪರು ತಿದ್ದಲು ಕುಳಿತೆ.

ಗಡುವಿಗೆ ಒಂದು ದಿನ ಮೊದಲು ಬೆಳಗ್ಗೆ ಭಾಬಿಯೇ ನಮ್ಮ ಬಾಗಿಲಿಗೆ ಬಂದರು. "ಬರ್ರಿ ಭಾಯ್, ನಿಮ್ಮ ರೋಗಿ ಎದ್ದೈತೆ."

ಹೋಗಿ ನೋಡಿದೆ. ತಲೆಯ ತುಂಬ ಬೆರಳು. ಮೀನೆರಡೂ ಅದರೊಳಗೆ ನುಸುಳಿ ಮೈ ಉಜ್ಜಿಕೊಳ್ಳುತ್ತಿದ್ದವು. ಭಟ್ಟಿಯವರು ಚಮಚ ಹಿಡಿದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಏನು ಮಾಡಿದಿರಿ?"

"ನೀವು ಬೇಜಾರು ಮಾಡ್ಕೋಬಾರ್ದು ಸಾರ್." ಅವರು ಮೂಲೆಯ ಹತ್ತನೇ ಕ್ಯಾನು ತೋರಿಸಿದರು. "ಅದರ ನೀರು ಒಂದು ಚಮಚ, ಇದರ ನೀರು ಒಂದು ಚಮಚ. ರುಚಿ ಬ್ಯಾರೆ ಬ್ಯಾರೆ ಇತ್ತು. ಆರು ದಿನದಿಂದ ಸ್ವಲ್ಪ ಸ್ವಲ್ಪ ತೆಗೀತಾ, ಬರೀ ಫಿಲ್ಟರ್ ನೀರು ಹಾಕ್ತಾ ಬಂದೆ. ನಿನ್ನೆ ಎರಡೂ ಒಂದೇ ರುಚಿ ಆತು. ನಿಲ್ಲಿಸ್ದೆ."

ನಾನು ಯಂತ್ರ ತಂದು ಅಳೆದೆ. ಇಪ್ಪತ್ತೈದು.

"ಇಷ್ಟು ಕಡಿಮೆ ಉಪ್ಪಿನಲ್ಲಿ ಈ ಹವಳ ಬೆರಳು ಬಿಡುವುದು ಶಾಸ್ತ್ರದ ಪ್ರಕಾರ ಸಾಧ್ಯವೇ ಇಲ್ಲ" ಎಂದೆ.

"ಅದಕ್ಕೆ ಓದೋಕೆ ಬರಲ್ಲ, ಬಿಡ್ರಿ ಭಾಯ್" ಎಂದರು ಭಾಬಿ. "ಕೂಡ್ರಿ, ಮಂಡಕ್ಕಿ ತಿನ್ರಿ."

ತಿಂದೆ. ಇದು ಕಾಕತಾಳೀಯ, ಒಂದು ಸಲ ಹೀಗಾದ ಮಾತ್ರಕ್ಕೆ ನಾಲಿಗೆ ಯಂತ್ರವಾಗುವುದಿಲ್ಲ ಎಂದು ಎದ್ದು ಬಂದೆ. ಹರಿಹರದ ಬಸ್ಸು ದಾರಿಯ ಬಾತಿ ಊರು ದಾಟುವಷ್ಟರಲ್ಲಿ, ಹವಳ ಎದ್ದದ್ದಕ್ಕೆ ತುಸು ತಪ್ಪೆನಿಸಿದರೂ ಒಪ್ಪಬಹುದಾದ ಮೂರು ಕಾರಣಗಳನ್ನು ಹೊಂದಿಸಿಕೊಂಡೂ ಆಗಿತ್ತು.

ಯಂತ್ರಕ್ಕೆ ಮತ್ತೊಮ್ಮೆ ಸೊನ್ನೆ ಕಲಿಸಿ ನೋಡೋಣವೆಂದು, ಮೊದಲ ಪೀರಿಯಡ್‌ಗೆ ಮುಂಚೆ ಶೀಷೆ ತುಂಬಿಕೊಳ್ಳಲು ಲ್ಯಾಬಿಗೆ ಹೋದೆ. ಸಿಂಕಿನ ಹತ್ತಿರ ನಮ್ಮ ಕನ್ನಡ ಮೇಷ್ಟ್ರು ನಿಂತಿದ್ದರು. ಕತ್ತು ಹಿಂದಕ್ಕೆ, ಕಣ್ಣು ಚಾವಣಿಗೆ. ಗಂಟಲಿನಿಂದ ಗಳಗಳ ಸದ್ದು. ಕೈಯಲ್ಲಿ ನನ್ನ ಬಾಟಲಿ.

"ಸಾರ್! ಅದು ಲ್ಯಾಬಿನ ನೀರು!"

ಅವರು ಸಾವಕಾಶವಾಗಿ ಉಗುಳಿ ಬಾಯಿ ಒರೆಸಿಕೊಂಡರು. "ಲ್ಯಾಬಿಂದು ಎಲ್ರೀ? ನಿಮ್ಮ ಬಟ್ಟಿ ಇಳಿಸೋ ಮಷೀನು ಕೆಟ್ಟು ವರ್ಷ ಆತು. ಬಾಟಲಿ ಸುಮ್ನೆ ಖಾಲಿ ಕೂತಿತ್ತು, ನಾನು ಇಟ್ಕೊಂಡೆ. ದಿನಾ ಐದು ಪೀರಿಯಡ್ ಕಿರುಚ್ಬೇಕಲ್ಲ. ಅಟೆಂಡರ್ ಬೆಳಗ್ಗೆ ತುಂಬಿ ಇಡ್ತಾನೆ."

'ಡಿಸ್ಟಿಲ್ಡ್ ವಾಟರ್' ಎಂದು ನನ್ನ ಕೈಬರಹದಲ್ಲೇ ಚೀಟಿ ಅಂಟಿಸಿದ್ದ ಆ ಬಾಟಲಿಗೆ ಅಟೆಂಡರ್ ದಿನವೂ ತುಂಬಿಡುತ್ತಿದ್ದದ್ದು ನಲ್ಲಿ ನೀರು ಮತ್ತು ಒಂದು ಚಮಚ ಉಪ್ಪು.