ಫಲಕಕ್ಕೆ ಹೊಡೆದ ಮೊಳೆ

ದರ್ಜಿ ಗೋಡೆಗೆ ಮೊಳೆ ಹೊಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಫಲಕ ಇನ್ನೂ ಬಂದಿರಲಿಲ್ಲ. ಅದನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನವೂ ಆಗಿರಲಿಲ್ಲ. ಆದರೆ ಬಟ್ಟೆ ಬರುವ ಮೊದಲೇ ಅಳತೆ ತೆಗೆದಿಟ್ಟುಕೊಳ್ಳುವುದು ಅವನ ಕಸುಬಿನ ಗುಣ. ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಗಡಿಯಾರವಿತ್ತು. ಅದನ್ನು ಇಳಿಸಿ ಹೊಲಿಗೆ ಯಂತ್ರದ ಮೇಲೆ ಅಂಗಾತ ಮಲಗಿಸಿದ. ಅದರ ಸಣ್ಣ ಮೊಳೆಯನ್ನು ಕಿತ್ತು, ಎಮ್ಮೆ ಕಟ್ಟಿದರೂ ಅಲ್ಲಾಡದಂಥ ಮೂರಿಂಚಿನ ಮೊಳೆ ಬಡಿದ.

ಸುಣ್ಣದ ಪುಡಿ ಉದುರುವ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಬಂದಳು.

"ಗಡಿಯಾರ ಏನ್ ತಪ್ಪು ಮಾಡ್ತು ರೀ?"

"ಅದು ಜಾಗ ಖಾಲಿ ಮಾಡ್ಬೇಕು. ಅಲ್ಲಿಗೆ ಫಲಕ ಬರುತ್ತೆ."

"ಯಾರ ಫಲಕ?"

"ಯಾರದು ಅಂದ್ರೆ? ಇಪ್ಪತ್ತೆಂಟು ವರ್ಷ ಒಂದು ಕಾಸೂ ಮುಟ್ಟದೆ ವಾಲಿಬಾಲ್ ರೆಫರಿಯಾಗಿ ನಿಂತೋರು ಇನ್ಯಾರಿದ್ದಾರೆ ಇಲ್ಲಿ?"

"ನಿಂತಿದ್ದೀರಿ, ಸರಿ. ಕೊಡ್ತೀವಿ ಅಂತ ಅವರು ಹೇಳಿದಾರಾ?"

"ಹೇಳೋದೇನಿದೆ, ಗೊತ್ತಿರೋ ವಿಷಯ."

"ಹಾಗಾದ್ರೆ ಅಲ್ಲೀವರೆಗೂ ಟೈಮ್ ಎಷ್ಟಾಯ್ತು ಅಂತ ಮೊಳೆ ನೋಡ್ಕೊಂಡು ಹೇಳ್ಬೇಕಾ?" ಎಂದು ಅವಳು ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದಳು.

ದರ್ಜಿಯ ಆಸೆ ಅಂಥ ಅನ್ಯಾಯದ್ದೇನೂ ಅಲ್ಲ. ಶಾಲೆಯ ಹಿಂದಿನ ಬಯಲಿನಲ್ಲಿ ಆಡುವವರೆಲ್ಲ ಹವ್ಯಾಸಿಗಳು. ಅವರ ಆಟ ನಿಂತಿದ್ದದ್ದು ಇವನ ಸೀಟಿಯ ಮೇಲೆ. ನ್ಯಾಯ ಅಂದರೆ ಅಂಥಿಂಥ ನ್ಯಾಯವಲ್ಲ. ಆರು ವರ್ಷದ ಹಿಂದೆ ಫೈನಲ್ ಪಂದ್ಯದಲ್ಲಿ ಹೆಂಡತಿಯ ಸ್ವಂತ ಅಣ್ಣ ಕೊನೆಯ ಬಾಲು ಹೊಡೆದಾಗ, ಅದು ಗೆರೆಯಿಂದ ಒಂದು ಬೆರಳು ಆಚೆ ಬಿತ್ತೆಂದು ಸೀಟಿ ಊದಿ ಅವನ ತಂಡವನ್ನು ಸೋಲಿಸಿದ ಮಹಾನುಭಾವ ಇವನು. ಅಣ್ಣ ಎರಡು ವರ್ಷ ಇವರ ಹೊಸಿಲು ತುಳಿಯಲಿಲ್ಲ. ತನ್ನ ನಿಷ್ಪಕ್ಷಪಾತಕ್ಕೆ ಸಾಕ್ಷಿಯೆಂದು ದರ್ಜಿ ಈ ಕಥೆಯನ್ನು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ. (ಹೇಳುವಾಗಲೆಲ್ಲ ಒಳಗೆ ಪಾತ್ರೆಗಳು ಕೊಂಚ ಜೋರಾಗಿ ನೆಲ ಮುಟ್ಟುತ್ತಿದ್ದವು. ಅದು ಇವನ ಕಿವಿಗೆ ಬೀಳುತ್ತಿರಲಿಲ್ಲ.)

ಆಟಕ್ಕಾಗಿ ಬಿಟ್ಟಿ ದುಡಿದವರಲ್ಲಿ ಒಬ್ಬರಿಗೆ ಪ್ರತಿವರ್ಷ ಫಲಕ ಕೊಟ್ಟು ಸನ್ಮಾನ ಮಾಡಬೇಕೆಂದು ಊರಿನ ವಾಲಿಬಾಲ್ ಸಂಘ ಆಗಷ್ಟೇ ನಿರ್ಧರಿಸಿತ್ತು. ನಿಯಮ ಬರೆಯುವ ಕೆಲಸ ಸಹಜವಾಗಿಯೇ ದರ್ಜಿಗೆ ಬಂತು. ಅವನು ಬಿಗಿಯಾಗಿ ಹೊಲಿದ: ತನ್ನ ಹೆಸರನ್ನು ತಾನೇ ಸೂಚಿಸಬಾರದು. ಬೇರೊಬ್ಬರು ಪತ್ರ ಬರೆದು ಸೂಚಿಸಬೇಕು. ಪತ್ರ ಒಡೆದಾಗ ಯಾರ ಹೆಸರು ಬರುತ್ತದೋ ಅವರು ಎದ್ದು ಹೊರಗೆ ಹೋಗಬೇಕು, ದಾಕ್ಷಿಣ್ಯಕ್ಕೆ ಎಡೆಯಿರಬಾರದು. ಒಳಗೆ ಉಳಿದವರ ತೀರ್ಮಾನವೇ ಕೊನೆ. ಸೀಟಿ ಊದಿದ ಮೇಲೆ ವಾದವಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅವನಿಗೆ ಹೊಳೆಯಿತು: ನನ್ನ ಹೆಸರು ಬರೆಯುವವರು ಯಾರು?

ಮರುದಿನ ನಿವೃತ್ತ ಪೋಸ್ಟ್‌ಮ್ಯಾನ್ ಪ್ಯಾಂಟಿನ ಅಂಚು ಮಡಿಸಿಕೊಳ್ಳಲು ಮನೆಯ ಮುಂದಿನ ಕೋಣೆಯಲ್ಲೇ ಇದ್ದ ಅಂಗಡಿಗೆ ಬಂದರು. ಪಂದ್ಯದಲ್ಲಿ ಅಂಕದ ಹಲಗೆ ತಿರುಗಿಸುವವರು ಅವರೇ.

"ಅಣ್ಣ, ನಾನು ನಿಮ್ಮ ಹೆಸರು ಬರೀತೀನಿ," ಎಂದ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. "ನೀವೂ ಯಾರಾದ್ರೂ ಯೋಗ್ಯರ ಹೆಸರು ಬರೀಬೇಕಲ್ಲ."

"ಯೋಗ್ಯರು ಯಾರಿದ್ದಾರಪ್ಪ?"

ದರ್ಜಿ ಅವರ ಪಾದದ ಬಳಿಯಿಂದಲೇ ಮುಖವೆತ್ತಿ ನೋಡಿದ.

"ಓ," ಎಂದರು ಪೋಸ್ಟ್‌ಮ್ಯಾನ್. "ಆಗಲಿ ಬಿಡು, ಎರಡು ಸಾಲು ಗೀಚ್ತೀನಿ."

ದರ್ಜಿಯ ಲೆಕ್ಕಾಚಾರ ಸರಳ. ಹಲಗೆ ತಿರುಗಿಸುವವನೂ ಸೀಟಿ ಊದುವವನೂ ಎದುರುಬದುರಾದರೆ ಒಳಗಿದ್ದವರು ಯಾರನ್ನು ಆರಿಸುತ್ತಾರೆ? ಕುರುಡನೂ ಹೇಳಬಲ್ಲ.

ಸಂಜೆ ಪತ್ರ ಬರೆಯಲು ಕುಳಿತ. 'ಹಲಗೆ ತಿರುಗಿಸುತ್ತಾರೆ' ಎಂದು ಬರೆಯುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಜೀವನಚರಿತ್ರೆ ಮುಗಿದುಹೋಯಿತು. ಒಂದೇ ಸಾಲಿನ ಪತ್ರ ಕೊಡುವುದೆಂದರೆ ತನ್ನ ಕೈಬರಹಕ್ಕೇ ಅವಮಾನ. ಲೇಖನಿ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿತು. ಆಮೇಲೆ ಚೆನ್ನಾಗಿ ಬಲ್ಲ ದಾರಿ ಹಿಡಿದು ತಾನಾಗಿಯೇ ಓಡತೊಡಗಿತು. ಜ್ವರ ಏರಿದ್ದರೂ ಕಂಬಳಿ ಹೊದ್ದು ಮೈದಾನದಲ್ಲಿ ನಿಂತದ್ದು. ಸ್ವಂತ ತಂಗಿಯ ಮದುವೆಯಲ್ಲಿ ಊಟದ ನಡುವೆ ಎದ್ದು ಪಂದ್ಯಕ್ಕೆ ಓಡಿದ್ದು. ಮಳೆಗೆ ಮೈದಾನದಲ್ಲಿ ನಿಂತ ನೀರನ್ನು ಮನೆಯ ಬಕೆಟ್ಟಿನಲ್ಲಿ ತುಂಬಿ ತುಂಬಿ ಚೆಲ್ಲಿದ್ದು. ಎಲ್ಲವೂ ನಡೆದ ಸಂಗತಿಗಳೇ, ಒಂದೂ ಸುಳ್ಳಲ್ಲ. ನಡೆದದ್ದು ಮಾತ್ರ ದರ್ಜಿಗೆ. ಮೂರು ಹಾಳೆ ತುಂಬಿತು. ಎರಡು ಸಲ ಓದಿಕೊಂಡ. ಹೇಗೂ ಗೆಲ್ಲುವವನು ತಾನೇ ತಾನೆ, ಪಾಪ ಅವರಿಗಿಷ್ಟು ಮರ್ಯಾದೆ ಸಿಗಲಿ ಎಂದು ಲಕೋಟೆ ಅಂಟಿಸಿದ.

ಸಭೆ ಸೇರಿದ್ದು ಶಾಲೆಯ ಒಂದು ಕೋಣೆಯಲ್ಲಿ. ಅಧ್ಯಕ್ಷರಾದ ಹೆಡ್‌ಮೇಷ್ಟ್ರು, ಕಾರ್ಯದರ್ಶಿಯಾದ ಔಷಧಿ ಅಂಗಡಿಯವರು, ಗೆರೆ ಕಾಯುವ ಕ್ಷೌರಿಕ, ಬಾಲಿಗೆ ಗಾಳಿ ತುಂಬುವ ಸೈಕಲ್ ಶಾಪಿನವನು, ಪೋಸ್ಟ್‌ಮ್ಯಾನ್, ದರ್ಜಿ. ಆರು ಜನ. ಏಳನೆಯವಳು ದರ್ಜಿಯ ಹೆಂಡತಿ. ಸಂಘ ನೋಂದಾಯಿಸುವಾಗ ಏಳು ಸದಸ್ಯರು ಬೇಕೆಂದಿದ್ದರು, ಒಬ್ಬರು ಕಡಿಮೆ ಬಿದ್ದಾಗ ಅವಳಿಂದ ಸಹಿ ಹಾಕಿಸಿದ್ದರು. ಆವತ್ತಿನಿಂದ ಆಟಗಾರರ ಜೆರ್ಸಿಗಳನ್ನೆಲ್ಲ ಅವಳೇ ಒಗೆಯುತ್ತಿದ್ದಳು. ಆ ದಿನವೂ ಒಗೆದ ಗಂಟು ಹೊತ್ತು ಬಂದು ಮೂಲೆಯ ಬೀರುವಿನ ಮುಂದೆ ಕುಳಿತಿದ್ದಳು.

ಹೆಡ್‌ಮೇಷ್ಟ್ರು ಮೊದಲ ಲಕೋಟೆ ಒಡೆದರು. ಪೋಸ್ಟ್‌ಮ್ಯಾನ್ ಹೆಸರು. ಅವರು ಎದ್ದು ಹೋದರು. ಎರಡನೆಯದರಲ್ಲಿ ದರ್ಜಿಯ ಹೆಸರು. ಅವನು ಕೋಟಿನ ಗುಂಡಿ ಹಾಕಿಕೊಂಡು, 'ಅಯ್ಯೋ, ನನ್ನದ್ಯಾಕೆ' ಎಂಬ ಮುಖ ಮಾಡಿಕೊಂಡು ವರಾಂಡಕ್ಕೆ ನಡೆದ.

ಇಬ್ಬರೂ ತೊಟ್ಟಿಕ್ಕುವ ನಲ್ಲಿಯನ್ನು ನೋಡುತ್ತ ನಿಂತಿರುವಾಗ ಕ್ಷೌರಿಕ ಹೊರಗೆ ಬಂದ. ಹಿಂದೆಯೇ ಸೈಕಲ್ ಶಾಪಿನವನು. ಅವನ ಹಿಂದೆ ಔಷಧಿ ಅಂಗಡಿಯವರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಹೆಡ್‌ಮೇಷ್ಟ್ರೇ ಕನ್ನಡಕ ಕೈಯಲ್ಲಿ ಹಿಡಿದು ಬಂದರು.

"ಆರನೇ ಪತ್ರ ನನ್ನ ಹೆಸರಿಗೇ ಇದೆ," ಎಂದರು ನೆಲ ನೋಡುತ್ತ.

ಆಗ ಗುಟ್ಟು ಬಯಲಾಯಿತು. ಕ್ಷೌರಿಕನೂ ಸೈಕಲ್ಲಿನವನೂ ಒಂದು ಜೊತೆ; ಹೆಡ್‌ಮೇಷ್ಟ್ರೂ ಔಷಧಿಯವರೂ ಇನ್ನೊಂದು ಜೊತೆ. ದರ್ಜಿಗೆ ಹೊಳೆದ ಉಪಾಯ ಉಳಿದವರಿಗೂ ಹೊಳೆದಿತ್ತು.

"ಹಾಗಾದ್ರೆ ಒಳಗೆ ಯಾರಿದ್ದಾರೆ?" ಕ್ಷೌರಿಕ ಕೇಳಿದ.

ಆರು ತಲೆಗಳು ಕಿಟಕಿಗೆ ಬಂದವು. ಒಳಗೆ ದರ್ಜಿಯ ಹೆಂಡತಿ ಮೂರನೇ ನಂಬರಿನ ಜೆರ್ಸಿ ಮಡಿಸುತ್ತಿದ್ದಳು.

"ಎಲ್ಲರೂ ಒಳಗೆ ಹೋಗಿ ಚೀಟಿ ಎತ್ತೋಣ," ಎಂದರು ಔಷಧಿಯವರು.

"ಅದಾಗಲ್ಲ," ಎಂದ ದರ್ಜಿ. ಅವನೊಳಗೆ ಬ್ಯಾಂಡ್ ಬಾರಿಸುತ್ತಿತ್ತು. "ನಿಯಮ ಅಂದ್ರೆ ನಿಯಮ. ಒಳಗಿರೋರ ತೀರ್ಮಾನವೇ ಕೊನೆ. ನನ್ನ ಮನೆಯವಳು ಅಂತ ನೀವು ಅನುಮಾನಪಡಬೇಡಿ, ಅವಳು ನ್ಯಾಯವಂತೆ." ಹಾಗೆನ್ನುತ್ತ ಕಿಟಕಿಯಲ್ಲಿ ತನ್ನ ಎದೆಯತ್ತ ಬೆರಳು ತೋರಿಸಿದ.

ಅವಳು ಎದ್ದು ಬಂದಳು. "ದಾಕ್ಷಿಣ್ಯಕ್ಕೆ ಎಡೆ ಇರಬಾರ್ದು ಅಂತ ನೀವೇ ಬರ್ದಿದ್ದೀರಲ್ಲ," ಎಂದು ಕಿಟಕಿ ಮುಚ್ಚಿದಳು.

ಆರು ಪತ್ರ ಓದಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಬಾಗಿಲು ತೆರೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪೋಸ್ಟ್‌ಮ್ಯಾನ್ ಅಣ್ಣನಿಗೆ ಕೊಡಿ. ಈ ಪತ್ರ ಓದಿದ ಮೇಲೆ ಬೇರೆಯವರಿಗೆ ಕೊಡೋಕೆ ಮನಸ್ಸು ಬರಲ್ಲ. ಜ್ವರದಲ್ಲಿ ಕಂಬಳಿ ಹೊದ್ದು ನಿಂತಿದ್ದರಂತೆ, ಪಾಪ."

"ನಾನಾ?" ಎಂದರು ಪೋಸ್ಟ್‌ಮ್ಯಾನ್. "ನನಗೆ ಯಾವಾಗಮ್ಮ ಜ್ವರ ಬಂದಿತ್ತು?"

ಎಲ್ಲರೂ ಪತ್ರ ಬರೆದವನತ್ತ ತಿರುಗಿದರು. ದರ್ಜಿ ಕೋಟಿನ ಗುಂಡಿ ಬಿಚ್ಚಿದ. "ಬಂದಿತ್ತು ಅಣ್ಣ," ಎಂದ. "ನೀವು ಮರೆತಿದ್ದೀರಿ."

ಪೋಸ್ಟ್‌ಮ್ಯಾನ್ ಇವನ ಬಗ್ಗೆ ಬರೆದದ್ದನ್ನೂ ಅವಳು ಓದಿ ಹೇಳಿದಳು: 'ಸೀಟಿ ಚೆನ್ನಾಗಿ ಊದುತ್ತಾರೆ. ಇವರಿಗೂ ಕೊಡಬಹುದು.'

"ಅಲ್ಲಮ್ಮಾ, ನಿನ್ನ ಹೆಸರನ್ನ ಯಾರೂ ಬರೀಲಿಲ್ವಲ್ಲ," ಎಂದು ಹೆಡ್‌ಮೇಷ್ಟ್ರು ತಡವಾಗಿ ಪೇಚಾಡಿದರು.

"ಬರೆಯದೆ ಇದ್ದದ್ದೇ ಒಳ್ಳೇದಾಯ್ತು ಮೇಷ್ಟ್ರೆ. ನಾನೂ ಹೊರಗೆ ಬಂದಿದ್ರೆ ಬೆಂಚೇ ತೀರ್ಮಾನ ಮಾಡ್ಬೇಕಿತ್ತು," ಎಂದು ಅವಳು ಬೀರುವಿಗೆ ಬೀಗ ಹಾಕಿದಳು.

ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ದರ್ಜಿ ಹೆಂಡತಿಯತ್ತ ತಿರುಗಿದ.

"ಜ್ವರದಲ್ಲಿ ಕಂಬಳಿ ಹೊದ್ದು ನಿಂತೋನು ಯಾರು ಅಂತ ನಿನಗೆ ಗೊತ್ತಿಲ್ವೇನೇ?"

"ಆ ಕಂಬಳಿ ಒಗೆದೋಳು ನಾನು. ಗೊತ್ತಿಲ್ದೆ ಏನು?"

"ಮತ್ತೆ?"

"ಪತ್ರದಲ್ಲಿ ಯಾರ ಹೆಸರಿತ್ತೋ ಅವರಿಗೆ ಕೊಟ್ಟೆ. ರೆಫರಿ ಆದೋರು ಕಣ್ಣಿಗೆ ಕಂಡದ್ದು ಹೇಳ್ಬೇಕು, ಮನೆಯೋರು ಅಂತ ನೋಡ್ಬಾರ್ದು. ಇಪ್ಪತ್ತೆಂಟು ವರ್ಷದಿಂದ ಕೇಳ್ತಾ ಬಂದಿದ್ದೀನಿ." ನಾಲ್ಕು ಹೆಜ್ಜೆ ನಡೆದು ಮೆಲ್ಲಗೆ ಕೇಳಿದಳು, "ನಮ್ಮಣ್ಣನ ಬಾಲು ಗೆರೆಯಿಂದ ಎಷ್ಟು ಆಚೆ ಬಿದ್ದಿತ್ತು?"

"ಒಂದು ಬೆರಳು."

"ನೀವೂ ಅಷ್ಟೇ ರೀ. ಒಂದೇ ಒಂದು ಬೆರಳು."

ಸನ್ಮಾನ ಭರ್ಜರಿಯಾಗಿ ಆಯಿತು. ಹೆಡ್‌ಮೇಷ್ಟ್ರು ಮೂರು ಹಾಳೆಯ ಪತ್ರಕ್ಕೆ ಚೌಕಟ್ಟು ಹಾಕಿಸಿ ಫಲಕದ ಜೊತೆಗೇ ಕೊಟ್ಟರು. ವಾರ ಕಳೆದು ಪೋಸ್ಟ್‌ಮ್ಯಾನ್ ಅವೆರಡನ್ನೂ ಬಗಲಲ್ಲಿಟ್ಟುಕೊಂಡು ದರ್ಜಿಯ ಬಾಗಿಲಿಗೆ ಬಂದರು.

"ನಮ್ಮದು ಹಲಗೆ ಗೋಡೆ ಕಣಪ್ಪ. ಮೊಳೆ ಹೊಡೆದ್ರೆ ಪಕ್ಕದ ಮನೆಯವರ ಬೆನ್ನಿಗೆ ಚುಚ್ಚುತ್ತೆ. ನಿಮ್ಮನೇಲಿ ಒಂದು ಗಟ್ಟಿ ಮೊಳೆ ಸುಮ್ಮನೆ ಬಿದ್ದಿದೆ ಅಂತ ನಿನ್ನ ಹೆಂಡತಿ ಹೇಳಿದ್ಲು."

ಈಗ ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಮೇಲೆ ಪೋಸ್ಟ್‌ಮ್ಯಾನ್ ಹೆಸರಿನ ಫಲಕ, ಕೆಳಗೆ ದರ್ಜಿಯ ಕೈಬರಹದಲ್ಲಿ ದರ್ಜಿಯ ಬದುಕು. ಅಳತೆ ಕೊಡಲು ಬಂದವರು ನಿಂತು ನೋಡಿದರೆ ಒಳಗಿನಿಂದ ಹೆಂಡತಿಯ ದನಿ ಬರುತ್ತದೆ: "ಅದನ್ನ ಸ್ವಲ್ಪ ಓದಿ ಹೇಳ್ರೀ, ಅವರೂ ಕೇಳ್ಲಿ." ದರ್ಜಿ ಓದುತ್ತಾನೆ. ಕಂಬಳಿಯ ಜಾಗಕ್ಕೆ ಬಂದಾಗ ದನಿ ನಡುಗುತ್ತದೆ.

"ಸ್ನೇಹಿತನ ಮೇಲೆ ಎಂಥ ಪ್ರೀತಿ ನಿಮಗೆ," ಎನ್ನುತ್ತಾರೆ ಬಂದವರು.

ದರ್ಜಿ ಟೈಮ್ ನೋಡಲು ಅಡುಗೆಮನೆಗೆ ಹೋಗುತ್ತಾನೆ.